ಬ್ರಾಹ್ಮಿಯ ಅಕ್ಷರ, ಸುಂದರಿಯ ಅಂಕೆ: ಹಿಂದಿನ ಮನೆಗಳಲ್ಲಿ ಮಕ್ಕಳ ಬದುಕು

ಚರಿತ್ರೆಯ ಗ್ರಂಥಗಳಲ್ಲಿ ಅರಮನೆಗೆ ದೊರೆತ ಸ್ಥಾನ ಮನೆಗೆ ದೊರೆತಿಲ್ಲ. ಯಾವ ಅರಸ ಯಾವ ಕೋಟೆಯನ್ನು ಗೆದ್ದ, ಯಾವ ಬಸದಿಗೆ ಎಷ್ಟು ಮತ್ತರು ಭೂಮಿಯನ್ನು ದತ್ತಿ ಬಿಟ್ಟ ಎಂಬುದನ್ನು ಶಾಸನಗಳು ತಿಥಿ, ವಾರ, ನಕ್ಷತ್ರಸಹಿತವಾಗಿ ಹೇಳುತ್ತವೆ. ಆ ದತ್ತಿಯ ಗದ್ದೆಯಲ್ಲಿ ಬೆಳೆದ ಭತ್ತವನ್ನು ಒರಳಿನಲ್ಲಿ ಕುಟ್ಟಿದವರು ಯಾರು, ಬೆಳಗಿನ ಜಾವ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೀಸುಕಲ್ಲು ತಿರುಗಿಸಿದವರು ಯಾರು, ಆ ಮಗು ದೊಡ್ಡದಾಗುತ್ತ ಏನನ್ನು ಯಾರಿಂದ ಕಲಿಯಿತು ಎಂಬುದನ್ನು ಅವು ಹೇಳುವುದಿಲ್ಲ. ಹೇಳುವ ಪ್ರಸಂಗ ಅವುಗಳಿಗೆ ಒದಗಿಯೂ ಇರಲಿಲ್ಲ. ಹೀಗೆ ಖಾಲಿಯಾಗಿ ಉಳಿದ ಪುಟವನ್ನು ಇತ್ತೀಚಿನ ದಶಕಗಳಲ್ಲಿ ಸಭೆ-ಸಮಾರಂಭಗಳ ಭಾಷಣಗಳು ತುಂಬತೊಡಗಿವೆ. ಹಿಂದೆ ಮನೆಯೇ ಪಾಠಶಾಲೆಯಾಗಿತ್ತು, ಕೂಡುಕುಟುಂಬದಲ್ಲಿ ಮಕ್ಕಳಿಗೆ ಯಾವ ಕೊರತೆಯೂ ಇರಲಿಲ್ಲ, ಇಂದಿನ ಮನೆ ಬರಿಯ ವಸತಿಗೃಹವಾಗಿದೆ ಎಂಬ ಮಾತು ಈಗ ಪ್ರಶ್ನೆಯಿಲ್ಲದೆ ಸಾಗುತ್ತಿದೆ.

ಈ ಮಾತು ಪೂರ್ಣ ಸುಳ್ಳಲ್ಲ. ಆದರೆ ಮನೆ ಪಾಠಶಾಲೆಯಾಗಿತ್ತು ಎನ್ನುವವರು ಆ ಪಾಠಶಾಲೆ ಯಾರಿಗೆ ಏನನ್ನು ಕಲಿಸಿತು, ಯಾರಿಗೆ ಏನನ್ನು ಕಲಿಸದೆ ಬಿಟ್ಟಿತು ಎಂಬುದನ್ನೂ ಹೇಳಬೇಕಾಗುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಜೈನ ಪರಂಪರೆಯ ಒಂದು ಪ್ರಸಿದ್ಧ ಪ್ರಸಂಗದಿಂದಲೇ ಹುಡುಕತೊಡಗುವುದು ಯುಕ್ತ.

ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣದಲ್ಲಿಯೂ, 941ರಲ್ಲಿ ಪಂಪನು ಕನ್ನಡಿಸಿದ ಆದಿಪುರಾಣದಲ್ಲಿಯೂ ಆದಿನಾಥನು ತನ್ನ ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವ ಸನ್ನಿವೇಶ ಬರುತ್ತದೆ. ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕೆ. ಬಲಗೈಯಿಂದ ಲಿಪಿಯನ್ನೂ ಎಡಗೈಯಿಂದ ಸಂಖ್ಯೆಯನ್ನೂ ಬರೆದು ತೋರಿಸಿದನೆಂಬುದು ಪರಂಪರೆಯ ನಂಬಿಕೆ. ಈ ಪ್ರಸಂಗದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಲೋಕದ ಮೊದಲ ಅಕ್ಷರಾಭ್ಯಾಸ ನಡೆದದ್ದು ಗುರುಕುಲದಲ್ಲಲ್ಲ, ತಂದೆಯ ಮಗ್ಗುಲಲ್ಲಿ. ಎರಡನೆಯದು, ಆ ಪಾಠವನ್ನು ಮೊದಲು ಪಡೆದವರು ಗಂಡುಮಕ್ಕಳಲ್ಲ. ಭರತ, ಬಾಹುಬಲಿ ಮೊದಲಾದವರ ವಿದ್ಯಾಭ್ಯಾಸದ ಮಾತು ಬರುವುದು ಇದರ ಬಳಿಕ.

ಇದೇ ಜಿನಸೇನರ ಗ್ರಂಥದಲ್ಲಿ ಗೃಹಸ್ಥನ ಮನೆಯಲ್ಲಿ ಮಗುವಿನ ಬೆಳವಣಿಗೆಯ ಹಂತಗಳನ್ನು ಗುರುತಿಸುವ ಗರ್ಭಾನ್ವಯ ಕ್ರಿಯೆಗಳ ಪಟ್ಟಿಯೂ ಇದೆ. ಒಟ್ಟು 53 ಕ್ರಿಯೆಗಳು. ಹುಟ್ಟಿದ ಮಗುವಿಗೆ ಹೆಸರಿಡುವುದು, ಕೆಲವು ತಿಂಗಳುಗಳ ಮೇಲೆ ಮೊದಲ ಬಾರಿಗೆ ಮನೆಯಿಂದ ಹೊರಗೆ ಕರೆದೊಯ್ಯುವ ಬಹಿರ್ಯಾನ, ಕೂರಿಸುವ ನಿಷದ್ಯಾ, ಅನ್ನದ ರುಚಿ ತೋರಿಸುವ ಅನ್ನಪ್ರಾಶನ, ವರ್ಷ ತುಂಬಿದಾಗಿನ ವ್ಯುಷ್ಟಿ, ಕೂದಲು ತೆಗೆಸುವ ಕೇಶವಾಪ, ಐದನೆಯ ವರ್ಷದಲ್ಲಿ ಲಿಪಿಸಂಖ್ಯಾನ ಎಂದು ಅದು ಸಾಗುತ್ತದೆ. ಮಗು ಕುಳಿತುಕೊಂಡದ್ದನ್ನೂ ಮೊದಲ ಬಾರಿ ಹೊಸ್ತಿಲು ದಾಟಿದ್ದನ್ನೂ ಹಬ್ಬವೆಂದು ಎಣಿಸಿದ ಈ ಪಟ್ಟಿ, ಅಂದಿನ ಮನೆಗಳು ಮಗುವನ್ನು ಎಷ್ಟು ಹತ್ತಿರದಿಂದ ನೋಡುತ್ತಿದ್ದವು ಎಂಬುದಕ್ಕೆ ಸಾಕ್ಷಿ. ಅಕ್ಷರ ಕಲಿಸುವವನು ವಿದ್ಯಾವಂತನಾದ ವ್ರತಿಕ ಗೃಹಸ್ಥನಾಗಿರಬೇಕು ಎನ್ನುವಲ್ಲಿ, ಓದು ಸಂಸಾರಿಗಳ ನಡುವೆಯೇ ಆರಂಭವಾಗಬೇಕೆಂಬ ಆಶಯವೂ ಇದೆ. ಆದರೆ ಲಿಪಿಸಂಖ್ಯಾನದ ಮುಂದಿನ ಹೆಜ್ಜೆ ಉಪನೀತಿ, ಅದರ ಮುಂದೆ ಬ್ರಹ್ಮಚರ್ಯವ್ರತ. ಎಂದರೆ ಈ ಸರಣಿ ಸಾಗುವುದು ಮಗನನ್ನು ಕಣ್ಣೆದುರಿಗೆ ಇಟ್ಟುಕೊಂಡು. ಹೆಣ್ಣುಮಕ್ಕಳಿಗೆ ಮೊದಲು ಅಕ್ಷರ ಕೊಟ್ಟ ಕಥೆ ಮತ್ತು ಗಂಡುಮಗುವಿಗಾಗಿ ರೂಪಿಸಿದ ವಿಧಿ ಒಂದೇ ಗ್ರಂಥದಲ್ಲಿ ಕೂಡಿ ಬಂದಿವೆ. ಮುಂದಿನ ಸಾವಿರ ವರ್ಷ ಕನ್ನಡ ನಾಡಿನ ಮನೆಗಳು ಪೂಜಿಸಿದ್ದು ಕಥೆಯನ್ನು, ಪಾಲಿಸಿದ್ದು ವಿಧಿಯನ್ನು.

ಹಾಗೆಂದು ಹೆಣ್ಣುಮಗು ಮನೆಯಲ್ಲಿ ಏನನ್ನೂ ಕಲಿಯಲಿಲ್ಲ ಎಂದರೆ ಅದೂ ತಪ್ಪಾಗುತ್ತದೆ. ನಸುಕಿನಲ್ಲಿ ಬೀಸುಕಲ್ಲಿನ ಸದ್ದಿನೊಂದಿಗೆ ಮನೆಯ ದಿನ ತೊಡಗುತ್ತಿತ್ತು. ಅಡವಿ, ಅಣ್ಣ, ತವರು, ಮಳೆ, ದೇವರು ಎಲ್ಲವೂ ಬೀಸುವ ಪದಗಳಲ್ಲಿ ಬರುತ್ತಿದ್ದವು. ಆ ಪದಗಳನ್ನು ಕೇಳುತ್ತ ಮಲಗಿದ್ದ ಮಗುವಿಗೆ ಭಾಷೆಯ ಲಯ ಅರ್ಥಕ್ಕಿಂತ ಮೊದಲು ಕಿವಿಗೆ ಬೀಳುತ್ತಿತ್ತು. ಆಮೇಲೆ ಅಂಗಳ ಸಾರಿಸುವುದು, ರಂಗೋಲಿ ಇಡುವುದು, ಬಾವಿಯಿಂದ ನೀರು ತರುವುದು, ಕೊಟ್ಟಿಗೆಯ ಕಸ ಬಳಿಯುವುದು, ಮೊಸರು ಕಡೆಯುವುದು. ಆರೇಳು ವರ್ಷದ ಹುಡುಗಿಗೆ ಇವುಗಳಲ್ಲಿ ಒಂದಿಲ್ಲೊಂದು ಕೆಲಸ ಕಟ್ಟಿಟ್ಟದ್ದು. ಹುಡುಗನಿಗೆ ಕರು ಬಿಡುವುದು, ದನ ಮೇಯಿಸುವುದು, ಹೊಲಕ್ಕೆ ಬುತ್ತಿ ಒಯ್ಯುವುದು. ತಮ್ಮನನ್ನೋ ತಂಗಿಯನ್ನೋ ಸೊಂಟದಲ್ಲಿ ಎತ್ತಿಕೊಂಡೇ ಆಟಕ್ಕೆ ಹೋಗುವುದು ಅಕ್ಕಂದಿರ ಪಾಲಿಗೆ ಬಂದ ನಿತ್ಯದ ಹೊಣೆ. ಬಾಲ್ಯ ಮತ್ತು ದುಡಿಮೆ ಅಂದು ಎರಡು ಬೇರೆ ಕಾಲಗಳಾಗಿರಲಿಲ್ಲ.

ಜೈನ ಶ್ರಾವಕರ ಮನೆಯಲ್ಲಿ ಈ ದಿನಚರಿಗೆ ಇನ್ನೊಂದು ಶಿಸ್ತು ಸೇರಿಕೊಳ್ಳುತ್ತಿತ್ತು. ಕುಡಿಯುವ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಬೇಕು, ಸೋಸಿದ ಬಟ್ಟೆಯನ್ನು ಮಗುಚಿ ತೊಳೆದು ಅದರಲ್ಲಿನ ಜೀವಗಳನ್ನು ಅವು ಬಂದ ನೀರಿಗೇ ಬಿಡಬೇಕು. ಕಾಳನ್ನು ಬೀಸುವ ಮೊದಲು ಹುಳು ನೋಡಬೇಕು, ಒಲೆಗೆ ಇಡುವ ಮೊದಲು ಕಟ್ಟಿಗೆಯನ್ನು ಕೊಡವಬೇಕು. ಹೊತ್ತು ಮುಳುಗುವ ಮೊದಲು ಎಲ್ಲರ ಊಟ ಮುಗಿಯಬೇಕು. ಅಹಿಂಸೆಯೆಂಬ ಮಹಾತತ್ತ್ವ ಮಗುವಿಗೆ ತಿಳಿಯುತ್ತಿದ್ದುದು ಶ್ಲೋಕದಿಂದಲ್ಲ, ಈ ಕೈಗೆಲಸದಿಂದ. ಅದನ್ನು ಕಲಿಸುತ್ತಿದ್ದವಳು ತಾಯಿ ಅಥವಾ ಅಜ್ಜಿ. ಶ್ರಾವಕಾಚಾರದ ಒಂದು ಓಲೆಯನ್ನೂ ಓದಲಾರದ ಸ್ತ್ರೀಯರು ಶ್ರಾವಕಾಚಾರವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಬಸದಿಯಲ್ಲಿ ಪುರಾಣ ಓದುವಾಗ ಕೇಳಿದ್ದನ್ನು ನೆನಪಿನಲ್ಲಿಟ್ಟುಕೊಂಡು ಮನೆಯಲ್ಲಿ ಮಕ್ಕಳಿಗೆ ಕಥೆಯಾಗಿಸಿದರು. ಹೊತ್ತಿರುವಾಗಲೇ ಊಟ ಮುಗಿಯಬೇಕೆಂಬ ವ್ರತ ಇಡೀ ಕುಟುಂಬದ್ದು. ಅದಕ್ಕಾಗಿ ಮಧ್ಯಾಹ್ನದ ಪಾತ್ರೆ ತೊಳೆದ ಕೈಯಲ್ಲೇ ಮತ್ತೆ ಒಲೆ ಹಚ್ಚುವ ಶ್ರಮ ಮಾತ್ರ ಒಬ್ಬರದೇ ಆಗಿತ್ತು. ವ್ರತವನ್ನು ಕೊಂಡಾಡುವವರು ಈ ಶ್ರಮದ ಹೆಸರು ಹೇಳುವುದು ವಿರಳ.

ಇನ್ನು ಗಣಿತದ ಮಾತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಆರಂಭದಲ್ಲಿ ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಎಣಿಸುತ್ತಾರೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತು ಇವುಗಳ ಸಾಲಿನಲ್ಲಿ ಸೂಪಶಾಸ್ತ್ರವೂ, ಎಂದರೆ ಅಡುಗೆಯ ವಿದ್ಯೆಯೂ ಇದೆ. ಈ ಮಾತಿನ ಸತ್ಯವನ್ನು ಅಂದಿನ ಅಡುಗೆಮನೆ ದಿನದಿನವೂ ತೋರಿಸುತ್ತಿತ್ತು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ನಡುವಿನ ಅಳತೆಗಳು ಊರಿನಿಂದ ಊರಿಗೆ ಬೇರೆ ಬೇರೆ. ವರ್ಷಕ್ಕೆ ಎಷ್ಟು ಖಂಡುಗ ಭತ್ತ ಬಂದಿದೆ, ಬಿತ್ತನೆಗೆ ಎಷ್ಟು ತೆಗೆದಿಡಬೇಕು, ಮುನಿಗಳ ಆಹಾರಕ್ಕೂ ನೆಂಟರಿಗೂ ಆಳುಗಳಿಗೂ ಎಷ್ಟು, ಮುಂದಿನ ಸುಗ್ಗಿಯವರೆಗೆ ದಿನಕ್ಕೆ ಎಷ್ಟು ಪಾವು ಅಕ್ಕಿ ತೆಗೆಯಬಹುದು ಎಂಬ ಲೆಕ್ಕವನ್ನು ಮನೆಯೊಡತಿ ಬೆರಳ ಗೆಣ್ಣುಗಳಲ್ಲಿ ಮಾಡುತ್ತಿದ್ದಳು. ಹುಡುಗಿಯರು ರಂಗೋಲಿಯ ಚುಕ್ಕಿಗಳಲ್ಲಿ ಸಾಲು ಮತ್ತು ಸಮತೆಯನ್ನು ಕಲಿತರು. ಅಳಗುಳಿಮಣೆಯ ಹದಿನಾಲ್ಕು ಕುಳಿಗಳಲ್ಲಿ ಹುಣಿಸೆಬೀಜ ಹಂಚುತ್ತ, ಕೈ ಎಲ್ಲಿ ನಿಲ್ಲುತ್ತದೆಂದು ಮೊದಲೇ ಎಣಿಸುವುದನ್ನು ಕಲಿತರು. ತುಳುನಾಡಿನಲ್ಲಿ ಇದೇ ಆಟ ಚೆನ್ನೆಮಣೆ, ಆಟಿ ತಿಂಗಳ ಮಳೆಯಲ್ಲಿ ಮನೆಯೊಳಗೆ ಕುಳಿತವರ ಆಟ. ಸುಂದರಿಯ ವಿದ್ಯೆ ಹೀಗೆ ಅಡುಗೆಮನೆಯಲ್ಲಿಯೂ ಪಡಸಾಲೆಯಲ್ಲಿಯೂ ಬದುಕಿ ಉಳಿಯಿತು. ಬ್ರಾಹ್ಮಿಯ ವಿದ್ಯೆ ಮಾತ್ರ ಹೆಣ್ಣುಮಕ್ಕಳ ಕೈ ಬಿಟ್ಟು ಹೊರಗೆ ಹೋಯಿತು.

ಅಕ್ಷರ ಕೈಬಿಟ್ಟು ಹೋದದ್ದರ ಪರಿಣಾಮ ಸಾಹಿತ್ಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸುಮಾರು 1025ರಲ್ಲಿ ಚಾಳುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು ಲೋಕೋಪಕಾರವನ್ನು ಬರೆದ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಇವನು ಬೇರೆ. ಮನೆ ಕಟ್ಟುವುದು, ಬಾವಿಗೆ ನೀರು ನೋಡುವುದು, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ದನಕರುಗಳ ಚಿಕಿತ್ಸೆ, ವಿಷದ ಮದ್ದು ಹೀಗೆ ಸಂಸಾರಕ್ಕೆ ಬೇಕಾದುದೆಲ್ಲ ಅದರಲ್ಲಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನೇ ರಚಿಸಿದ. ಇವು ಕನ್ನಡಕ್ಕೆ ಹೆಮ್ಮೆ ತರುವ ಕೃತಿಗಳು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಲೆಯ ಮುಂದೆ ಆಯುಷ್ಯ ಕಳೆದವರು ಬರೆದ ಒಂದು ಹಳೆಯ ಪಾಕಗ್ರಂಥವೂ ಈ ಕೃತಿಗಳ ಪಕ್ಕದಲ್ಲಿ ಇಲ್ಲ. ಅಡುಗೆ ಮಾಡಿದವರು ಬರೆಯಲಿಲ್ಲ, ಬರೆದವರು ಪ್ರಭುಗಳೂ ಪಂಡಿತರೂ ಆಗಿದ್ದರು. ಆದ್ದರಿಂದಲೇ ಈ ಗ್ರಂಥಗಳಲ್ಲಿ ಸಿರಿವಂತರ ಊಟ ದೊರೆಯುತ್ತದೆ. ಬರಗಾಲದ ವರ್ಷದಲ್ಲಿ ಐದು ಮಕ್ಕಳಿಗೆ ಒಂದು ಸೇರು ಹಿಟ್ಟನ್ನು ಹೇಗೆ ಹಂಚಲಾಯಿತು ಎಂಬ ವಿದ್ಯೆ ದೊರೆಯುವುದಿಲ್ಲ.

ಇಲ್ಲಿ ಅತ್ತಿಮಬ್ಬೆಯ ಹೆಸರನ್ನು ಯಾರಾದರೂ ಎತ್ತುವುದು ಸಹಜ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ, 1007ರ ಲಕ್ಕುಂಡಿಯ ಶಾಸನ ಕೊಂಡಾಡುವ ಆ ಮಹಾದಾನಿಯನ್ನು ಮರೆಯುವುದು ಸಾಧ್ಯವಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸಮಾಧಿಲೇಖಗಳಲ್ಲಿ ಆರ್ಯಿಕೆಯರ ಹೆಸರುಗಳೂ ಇವೆ. ಆದರೆ ಅತ್ತಿಮಬ್ಬೆ ದಂಡನಾಯಕರ ಮನೆತನದವಳು, ಆರ್ಯಿಕೆಯರು ಸಂಸಾರವನ್ನೇ ತೊರೆದವರು. ಹೆಣ್ಣೊಬ್ಬಳಿಗೆ ಶಾಸ್ತ್ರದ ಬಾಗಿಲು ತೆರೆಯಬೇಕಾದರೆ ಒಂದೋ ಮನೆ ಅಸಾಧಾರಣವಾದುದಾಗಿರಬೇಕಿತ್ತು, ಇಲ್ಲವೇ ಅವಳು ಮನೆಯನ್ನು ಬಿಟ್ಟಿರಬೇಕಿತ್ತು. ಸಾಧಾರಣ ಮನೆಯ ಮಗಳ ಬಾಲ್ಯವನ್ನು ಈ ಎರಡು ಉದಾಹರಣೆಗಳಿಂದ ಅಳೆಯಲಾಗದು.

ಸಾಧಾರಣ ಮನೆಗಳ ಸ್ಥಿತಿಗೆ ಅಂಕಿಗಳ ಸಾಕ್ಷ್ಯ ದೊರೆಯುವುದು ಬಹಳ ತಡವಾಗಿ. ಮದರಾಸು ಪ್ರಾಂತದ ಗವರ್ನರ್ ಥಾಮಸ್ ಮನ್ರೋ ನಾಡಶಾಲೆಗಳ ಸ್ಥಿತಿಯನ್ನು ವಿಚಾರಿಸಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವಿವರವಾದ ವರದಿಯೊಂದನ್ನು ಕಳುಹಿಸಿದ. ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, ಅವುಗಳಲ್ಲಿ 235 ಕನ್ನಡದವು. ಒಟ್ಟು 6,641 ಮಕ್ಕಳು ಓದುತ್ತಿದ್ದರು. ಶಾಲೆಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರೆಂದೂ, ಎರಡನೆಯವನಿಗೆ ಸೊನ್ನೆ ಬರೆಯುತ್ತಿದ್ದರೆಂದೂ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಏರುತ್ತಿತ್ತೆಂದೂ ವರದಿ ಹೇಳುತ್ತದೆ. ಮಕ್ಕಳು ಬೆರಳಿನಿಂದ ಮರಳಿನ ಮೇಲೆ ತಿದ್ದಿ ಅಕ್ಷರ ಕಲಿಯುತ್ತಿದ್ದರು, ಮುಂದೆ ಹೋದವರು ಕಿರಿಯರಿಗೆ ಕಲಿಸುತ್ತಿದ್ದರು. ಮನೆಗೆಲಸ ಮುಗಿಸಿ ಓಡಿಬಂದ ಬಡವರ ಹುಡುಗನ ಅಂಗೈಗೆ ಸರಸ್ವತಿಯ ಹೆಸರು ಎಷ್ಟು ಸಲ ಸಿಕ್ಕೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹುಡುಗಿಯರ ವಿಷಯದಲ್ಲಿ ಊಹೆಯ ಅಗತ್ಯವೂ ಇಲ್ಲ. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60.

ಈ ಅಂಕಿಗೆ ಪರಂಪರೆಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಯೂರೋಪಿನ ಬಟ್ಟೆ ಬಂದು ನೇಕಾರಿಕೆ ಕುಗ್ಗಿತೆಂದೂ, ಶಾಲೆಗೆ ಸಲ್ಲಿಸುವ ಅಲ್ಪ ಹಣಕ್ಕೂ ಜನರಿಗೆ ಗತಿಯಿಲ್ಲವಾಯಿತೆಂದೂ, ಕೈಕಾಲು ಗಟ್ಟಿಯಾಗುತ್ತಿದ್ದಂತೆ ಮಕ್ಕಳನ್ನು ದುಡಿಮೆಗೆ ಹಚ್ಚುತ್ತಿದ್ದಾರೆಂದೂ, ಹಿಂದೆ ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆಗಳಿಲ್ಲವೆಂದೂ ಸ್ವತಃ ಕ್ಯಾಂಪ್‌ಬೆಲ್ ಒಪ್ಪಿಕೊಂಡಿದ್ದಾನೆ. ಹುಡುಗರ ಓದು ಕುಗ್ಗಿದ್ದಕ್ಕೆ ಈ ಬಡತನ ದೊಡ್ಡ ಕಾರಣ. ಆದರೆ ನೂರಕ್ಕೆ ಒಬ್ಬಳಂತೆಯೂ ಹುಡುಗಿ ಶಾಲೆಯಲ್ಲಿ ಇರಲಿಲ್ಲವೆಂಬುದಕ್ಕೆ ಬಡತನದ ವಿವರಣೆ ಸಾಲದು. ಅವಳ ಬಾಲ್ಯವೇ ಚಿಕ್ಕದಾಗಿತ್ತು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯಲು ಮೈಸೂರು ಸಂಸ್ಥಾನ 1894ರಲ್ಲಿ ಕಾನೂನು ಮಾಡಬೇಕಾಯಿತು. ಎಂಟು ಎಂಬ ಆ ಸಂಖ್ಯೆಯೇ ಅಂದಿನ ಮನೆಗಳ ಕಥೆಯನ್ನು ಹೇಳುತ್ತದೆ. ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವಂತೆ ಹೆಣ್ಣಿಗೆ ಹದಿನಾಲ್ಕು ವರ್ಷದ ಮಿತಿ ಬಂದದ್ದು 1929ರ ಶಾರದಾ ಕಾಯಿದೆಯಿಂದ. ಹೆಸರಿಟ್ಟು ತೂಗಿದ ತೊಟ್ಟಿಲು ವರ್ಷ ತುಂಬುವ ಮೊದಲೇ ಬರಿದಾಗುವುದು ಆ ಮನೆಗಳಿಗೆ ಅಪರೂಪದ ದುಃಖವಾಗಿರಲಿಲ್ಲ. ಇನ್ನೂ ಆಟದ ವಯಸ್ಸಿನ ಹುಡುಗಿಯೇ ತಾಯಿಯಾಗುತ್ತಿದ್ದುದು ಅದರ ಕಾರಣಗಳಲ್ಲಿ ಒಂದು. 1901ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ ಓದುಬರಹ ಬಲ್ಲ ಹೆಂಗಸರು ಸಾವಿರಕ್ಕೆ ಸುಮಾರು ಆರು ಮಂದಿ ಮಾತ್ರ.

ಇದನ್ನೆಲ್ಲ ಕಂಡು ಹಿಂದಿನ ಮನೆಯೆಂದರೆ ಬರಿಯ ಕತ್ತಲೆ ಎನ್ನುವವರೂ ಇದ್ದಾರೆ. ಅವರೂ ಅರ್ಧವನ್ನೇ ನೋಡಿದವರು. ಕತ್ತಲೆಯಷ್ಟೇ ಇದ್ದಿದ್ದರೆ ಆ ಮನೆಗಳಿಂದ ಅಷ್ಟು ಹಾಡು, ಅಷ್ಟು ಗಾದೆ, ಅಷ್ಟು ಕಥೆ ಹೊರಬರುತ್ತಿರಲಿಲ್ಲ. ಜೀವದಯೆಯನ್ನು ಕೈಗೆ ಕಲಿಸಿದ, ಇರುವುದರಲ್ಲಿ ಹಂಚಿಕೊಂಡು ಉಣ್ಣುವ ಲೆಕ್ಕ ಕಲಿಸಿದ, ಮುದುಕರನ್ನೂ ಮಕ್ಕಳನ್ನೂ ಒಂದೇ ಪಡಸಾಲೆಯಲ್ಲಿ ಕೂರಿಸಿದ ಆ ಮನೆಯ ಗುಣ ಸುಳ್ಳಲ್ಲ. ತಪ್ಪು ಇರುವುದು ಗುಣವನ್ನು ಹೇಳುವಾಗ ಬೆಲೆಯನ್ನು ಮುಚ್ಚಿಡುವುದರಲ್ಲಿ. ಆ ಬೆಲೆಯನ್ನು ತೆತ್ತವರು ಮುಖ್ಯವಾಗಿ ಮನೆಯ ಹೆಣ್ಣುಮಕ್ಕಳು. ಮಕ್ಕಳಿಗೆ ಸಂಸ್ಕಾರವಿಲ್ಲ, ಹಿಂದಿನ ಮನೆ ಮರಳಿ ಬರಬೇಕು ಎನ್ನುವ ಭಾಷಣಕಾರರು, ಬೆಳಗಿನ ಜಾವದ ಬೀಸುಕಲ್ಲಿನ ಮುಂದೆ ಯಾರನ್ನು ಕೂರಿಸಬೇಕೆಂದು ಬಯಸುತ್ತಾರೆ ಎಂಬುದನ್ನೂ ಹೇಳಬೇಕು.

ಹಿಟ್ಟಿನ ಗಿರಣಿ ಊರೂರಿಗೆ ಬಂದಾಗ ಬೀಸುಕಲ್ಲು ಮೂಲೆ ಸೇರಿತು, ಅದರೊಂದಿಗೆ ಬೀಸುವ ಪದವೂ ನಿಂತಿತು. ಕಲ್ಲು ಹೋದದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಅದನ್ನು ತಿರುಗಿಸಿದ ತೋಳುಗಳಿಗೆ ಬಿಡುಗಡೆ ಬೇಕಾಗಿತ್ತು. ಆದರೆ ಪದ ಹೋಗಬೇಕಾಗಿರಲಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 68 ಮಂದಿ ಅಕ್ಷರಸ್ಥರು. ಬ್ರಾಹ್ಮಿಯ ವಿದ್ಯೆ ಕೊನೆಗೂ ಮಗಳ ಕೈಗೆ ಬಂದಿದೆ. ಅದು ಬರುವ ಹೊತ್ತಿಗೆ ಅಜ್ಜಿಯ ಬಳಿ ಇದ್ದ ಸುಂದರಿಯ ವಿದ್ಯೆ ಕೇಳುವವರಿಲ್ಲದೆ ಹೋಗುತ್ತಿದೆ. ಕೊಳಗ-ಖಂಡುಗಗಳ ಲೆಕ್ಕ, ಹಗೇವಿನಲ್ಲಿ ಕಾಳು ಕೆಡದಂತೆ ಇಡುವ ಕ್ರಮ, ಬಾಣಂತಿಯ ಆರೈಕೆ, ತೊಟ್ಟಿಲ ಪದ, ಮಳೆಗಾಲದ ಆಟ ಇವನ್ನು ಅನುಭವದಿಂದ ಬಲ್ಲವರು ಈಗ ಎಂಬತ್ತರ ಅಂಚಿನಲ್ಲಿದ್ದಾರೆ. ಅವರಲ್ಲಿ ಹಲವರಿಗೆ ಅಕ್ಷರ ಬಾರದು, ಅವರು ಬರೆದಿಡಲಾರರು. ಬರೆಯಬಲ್ಲ ಮೊಮ್ಮಕ್ಕಳು ಅವರ ಪಕ್ಕದಲ್ಲೇ ಇದ್ದಾರೆ, ಆದರೆ ಕುಳಿತು ಕೇಳುತ್ತಿಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಕನ್ನಡ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯಳೊಬ್ಬಳ ಬಳಿ ಒಂದು ವಾರ ಕುಳಿತು, ಅವಳ ಬಾಲ್ಯದ ಒಂದು ದಿನವನ್ನು ನಸುಕಿನಿಂದ ಇರುಳಿನವರೆಗೆ ಕೇಳಿ ಬರೆದರೆ ಸಾಕು. ಎಷ್ಟು ಹೊತ್ತಿಗೆ ಎದ್ದಳು, ಏನು ಉಂಡಳು, ಯಾವ ಪಾತ್ರೆಯಲ್ಲಿ ಅಳೆದಳು, ಯಾವ ಆಟ ಆಡಿದಳು, ಶಾಲೆಯನ್ನು ಯಾವಾಗ ಬಿಡಿಸಿದರು, ಬಿಡಿಸಿದಾಗ ಏನನ್ನಿಸಿತು ಎಂಬ ಪ್ರಶ್ನೆಗಳಿಗೆ ದೊರೆಯುವ ಉತ್ತರದಲ್ಲಿ ಸುಖವೂ ಇರುತ್ತದೆ, ನೋವೂ ಇರುತ್ತದೆ. ಎರಡನ್ನೂ ಹೇಳಿದಂತೆಯೇ ಬರೆಯಬೇಕು. ಮನೆಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಕಡತ, ಕಿರ್ದಿ, ಲೆಕ್ಕದ ಚೀಟಿಗಳನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ಓದಿಸಬೇಕು. ಇದರ ಜೊತೆಗೆ ಇನ್ನೊಂದು ಕೆಲಸವೂ ಉಳಿದಿದೆ. ಅಕ್ಷರ ಮಗಳಿಗೆ ಬಂದಂತೆ ಒಲೆ, ಒರಳು, ತೊಟ್ಟಿಲುಗಳ ವಿದ್ಯೆ ಮಗನಿಗೂ ಬರಬೇಕು. ನೀರು ಸೋಸುವುದನ್ನೂ ಕಾಳು ಆರಿಸುವುದನ್ನೂ ಕಲಿಯದ ಹುಡುಗನಿಗೆ ಅಹಿಂಸೆಯ ಉಪದೇಶ ಬಾಯಿಪಾಠವಾಗಿಯೇ ಉಳಿಯುತ್ತದೆ.

ಆದಿನಾಥನು ಅಕ್ಷರವನ್ನು ಒಬ್ಬ ಮಗಳಿಗೂ ಅಂಕೆಯನ್ನು ಇನ್ನೊಬ್ಬಳಿಗೂ ಕೊಟ್ಟದ್ದು ಒಂದೇ ಮನೆಯಲ್ಲಿ, ಒಂದೇ ಸಮಯದಲ್ಲಿ. ಬರೆಯುವ ವಿದ್ಯೆಯೂ ಬದುಕುವ ವಿದ್ಯೆಯೂ ಮತ್ತೆ ಒಂದೇ ಸೂರಿನಡಿ ಕೂಡುವ ಅವಕಾಶ ಈ ತಲೆಮಾರಿಗೆ ಬಂದಿದೆ. ಓದುಬರಹ ಬಲ್ಲ ಮೊಮ್ಮಗಳು ಮತ್ತು ಎಲ್ಲವನ್ನೂ ಬಲ್ಲ ಅಜ್ಜಿ ಒಂದೇ ಮನೆಯಲ್ಲಿರುವ ಕಾಲ ಇದು, ಇನ್ನು ಹೆಚ್ಚು ವರ್ಷ ಇರುವುದಿಲ್ಲ.